ಪ್ರಾರ್ಥನೆಗೆ ಹೇಳಿದ್ದು, ಊರಿಗೇ ಗೊತ್ತಾಯಿತು

ಪ್ರಶ್ನೆ: ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಪ್ರಾರ್ಥನೆ ವಿಷಯ ಕೇಳಿದಾಗ, 'ಅಕ್ಕನ ಮಗನಿಗೆ ಕುಡಿತ ಜಾಸ್ತಿಯಾಗಿದೆ, ಪ್ರಾರ್ಥಿಸಿ' ಅಂದೆ. ಅಕ್ಕ ಅಂದರೆ ನನ್ನ ಹಿರಿಯ ಓರಗಿತ್ತಿ. ಮಾತು ಅವರ ಕಿವಿಗೆ ಬಿತ್ತು. ಈಗ ಅವರು ಭಾನುವಾರದ ಆರಾಧನೆಗೂ ಬರುತ್ತಿಲ್ಲ, ನನ್ನ ಫೋನೂ ಎತ್ತುತ್ತಿಲ್ಲ. ನಾನೇನು ಸುಳ್ಳು ಹೇಳಲಿಲ್ಲವಲ್ಲ? ಕ್ರಿಸ್‌ಮಸ್ ಹೊತ್ತಿಗೆ ತಾನಾಗೇ ಸರಿಹೋಗುತ್ತದೆ ಎಂದು ಸುಮ್ಮನಿರಲೇ?

ಉತ್ತರ: ಸಹೋದರಿ, ಸುಮ್ಮನಿರಬೇಡಿ.

ನೀವು ಹೇಳಿದ್ದು ನಿಜವೇ ಇರಬಹುದು. ಆದರೆ ಬೈಬಲಿನ ಆದಿಕಾಂಡ 9ನೇ ಅಧ್ಯಾಯ ಒಮ್ಮೆ ತೆಗೆದು ನೋಡಿ. ನೋಹ ದ್ರಾಕ್ಷಾರಸ ಕುಡಿದು, ಮೈಮೇಲೆ ಬಟ್ಟೆಯಿಲ್ಲದೆ ಗುಡಾರದೊಳಗೆ ಬಿದ್ದಿದ್ದ. ಮಗ ಹಾಮ ಅದನ್ನು ಕಂಡು, ಹೊರಗಿದ್ದ ಅಣ್ಣತಮ್ಮಂದಿರಿಗೆ ಹೇಳಿದ. ಒಂದಕ್ಷರವೂ ಸುಳ್ಳಲ್ಲ. ಶೇಮ್ ಮತ್ತು ಯೆಫೆತ್ ಮಾತ್ರ ಹೆಗಲ ಮೇಲೆ ಹೊದಿಕೆ ಹಾಕಿಕೊಂಡು, ಹಿಂದುಹಿಂದಕ್ಕೆ ನಡೆದು ಹೋಗಿ, ಮುಖ ಆಚೆ ಮಾಡಿಕೊಂಡೇ ಅಪ್ಪನ ಮೈ ಮುಚ್ಚಿದರು. ಬೈಬಲ್ ಯಾರನ್ನು ಮೆಚ್ಚಿತು ಅಂತ ನಿಮಗೇ ಗೊತ್ತು, ಅಲ್ವಾ?

'ಸುಮ್ನೆ ಪ್ರೇಯರ್‌ಗೆ ಅಂತ ಹೇಳ್ತಿದ್ದೀನಿ' ಅಂದ ಕೂಡಲೇ ಕೂಟದಲ್ಲಿ ಕುರ್ಚಿಗಳು ಹತ್ತಿರ ಸರಿಯುತ್ತವೆ. ಇದು ಎಲ್ಲ ಸಭೆಗಳಲ್ಲೂ ಇದ್ದದ್ದೇ. ಹೆಸರು ಬಿಟ್ಟು 'ಒಂದು ಕುಟುಂಬಕ್ಕಾಗಿ' ಅಂದರೂ, ಚಹಾ ಮುಗಿಯುವಷ್ಟರಲ್ಲಿ ಅದು ಯಾರ ಮನೆ ಅಂತ ಎಲ್ಲರಿಗೂ ಗೊತ್ತಾಗಿರುತ್ತದೆ! ಅಕ್ಕ ಒಪ್ಪಿದ್ದರೆ ಮಾತು ಬೇರೆ. ಒಪ್ಪದಿದ್ದ ಮೇಲೆ ಈ ಪ್ರಾರ್ಥನೆಗೆ ಮತ್ತಾಯ 6ರಲ್ಲಿ ಯೇಸು ಹೇಳಿದ ಬಾಗಿಲು ಮುಚ್ಚಿದ ಕೋಣೆಯೇ ಸರಿ.

ಇನ್ನು, ಅಕ್ಕನ ಮನೆಗೆ ಯಾವಾಗ ಹೋಗುತ್ತೀರಿ? ನಿನ್ನ ಮೇಲೆ ಸಹೋದರನಿಗೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು ಎನ್ನುತ್ತದೆ ಮತ್ತಾಯ 5. ನೊಂದವರು ತಾವಾಗಿ ಬರಲಿ ಎಂದು ಅಲ್ಲಿ ಹೇಳಿಲ್ಲ. ಫೋನು, ವಾಟ್ಸಾಪ್ ಬೇಡ. ಒಬ್ಬರೇ ಹೋಗಿ. 'ಅಕ್ಕಾ, ಹುಡುಗನ ವಿಷಯ ನಾನು ಕೂಟದಲ್ಲಿ ಬಾಯಿ ಬಿಡಬಾರದಿತ್ತು. ತಪ್ಪಾಯ್ತು' ಅನ್ನಿ, ಅಷ್ಟೇ. 'ಪ್ರಾರ್ಥನೆಗೋಸ್ಕರ ಹೇಳಿದ್ದು' ಅಂತ ಸೇರಿಸಿದಿರೋ, ಕ್ಷಮೆ ಹೋಗಿ ವಾದ ಶುರುವಾಗುತ್ತದೆ. ಬೈಬಲ್ ವಚನವನ್ನೂ ಹೇಳಬೇಡಿ. ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂಬ ಯೇಸುವಿನ ಮಾತು ಕ್ಷಮಿಸುವವರಿಗೆ ಹೇಳಿದ್ದು, ಕ್ಷಮೆ ಕೇಳುವವರು ತೋರಿಸುವ ರಸೀದಿ ಅಲ್ಲ.

ಅವರು ಬೈದರೆ ಕೇಳಿಸಿಕೊಳ್ಳಿ. ಬಾಗಿಲು ತೆಗೆಯದಿದ್ದರೆ ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ. ಕೂಟದಲ್ಲಿ ತಪ್ಪು ಒಪ್ಪಿಕೊಳ್ಳಬೇಕೇ ಎಂದು ಅಕ್ಕನನ್ನೇ ಕೇಳಿ. ನೀವಾಗಿ ನಿಂತು ಹೇಳಿದರೆ ಅದೇ ಸುದ್ದಿ ಮತ್ತೊಂದು ಸುತ್ತು ತಿರುಗುತ್ತದೆ. ಕುಡಿತಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಆದರೆ ಅದನ್ನೂ ಅವರಾಗಿ ಕೇಳಿದರೆ ಮಾತ್ರ ಹೇಳಿ.

ಕ್ರಿಸ್‌ಮಸ್‌ವರೆಗೆ ಕಾಯಬೇಡಿ. ಡಿಸೆಂಬರ್‌ನಲ್ಲಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ ತಂಡ ಆ ಮನೆಗೂ ಹೋಗುತ್ತದೆ. ಅವತ್ತು ಕೂಟದಲ್ಲಿ ನಿಮ್ಮ ಮಾತು ಕೇಳಿದವರೂ ಅದರಲ್ಲಿ ಇರುತ್ತಾರೆ. ಅಷ್ಟರೊಳಗೆ ನೀವು ಹೋಗಿ ಬಂದಿರಬೇಕು.