ದೂರದ ಪೈಗೆ ಐಪಿ ಬದಲಿಸುವ ಮುಂಚೆ

ಪ್ರಶ್ನೆ: ನಾನಿರುವುದು ಸುರತ್ಕಲ್‌ನಲ್ಲಿ, ಅಪ್ಪ ಅಮ್ಮ ಹೆಬ್ರಿಯ ಮನೆಯಲ್ಲಿ. ಅಲ್ಲೊಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಟ್ಟಿದ್ದೇನೆ, ಕ್ಯಾಮರಾ ರೆಕಾರ್ಡಿಂಗ್ ಮತ್ತು ತೋಟದ ಪಂಪ್ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಅದರ ಐಪಿ (ಮನೆಯ ನೆಟ್‌ವರ್ಕಿನಲ್ಲಿ ಅದರ ವಿಳಾಸ) ಬದಲಾಗಿ, ಅಪ್ಪನ ಫೋನಿನಲ್ಲಿ ಪಂಪಿನ ಪುಟ ತೆರೆಯುವುದಿಲ್ಲ. ನನಗೆ ಟೇಲ್‌ಸ್ಕೇಲ್ (ದೂರದ ಸಾಧನಗಳನ್ನು ಖಾಸಗಿಯಾಗಿ ಜೋಡಿಸುವ ಸೇವೆ) ಮೂಲಕ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಸಿಗುತ್ತದೆ. ಇಲ್ಲಿಂದಲೇ ಸ್ಥಿರ ಐಪಿ ಹಾಕಬಹುದೇ? ಮಧ್ಯದಲ್ಲಿ ಸಂಪರ್ಕ ಕಡಿದರೆ ಏನು ಗತಿ?
— ಒಬ್ಬ ಓದುಗ, ಸುರತ್ಕಲ್

ಉತ್ತರ: ಹಾಕಬಹುದು. ಆದರೆ ನಿಮಗೆ ಪೈಯನ್ನು ಮುಟ್ಟುವ ಅಗತ್ಯವೇ ಇಲ್ಲ. ರೂಟರಿನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ (ಒಂದು ಸಾಧನಕ್ಕೆ ಸದಾ ಒಂದೇ ಐಪಿ ಕೊಡುವ ಸೌಲಭ್ಯ) ಅಂತ ಇರುತ್ತದೆ, ಕೆಲವು ರೂಟರ್‌ಗಳಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಬರೆದಿರುತ್ತದೆ. ಪೈಯ ಮ್ಯಾಕ್ ಅಡ್ರೆಸ್ (ಸಾಧನದ ನೆಟ್‌ವರ್ಕ್ ಗುರುತಿನ ಸಂಖ್ಯೆ) ಕೊಟ್ಟು, ಈಗ ಅದರ ಹತ್ತಿರ ಯಾವ ಐಪಿ ಇದೆಯೋ ಅದನ್ನೇ ಕಾದಿರಿಸಿ. ಈಗಿರುವುದನ್ನೇ ಕೊಟ್ಟರೆ ಏನೂ ಬದಲಾಗುವುದಿಲ್ಲ, ಹಾಗಾಗಿ ಸಂಪರ್ಕ ಕಡಿಯುವ ಪ್ರಶ್ನೆಯೂ ಇಲ್ಲ. ರೂಟರಿನ ಪುಟ ಸುರತ್ಕಲ್‌ನಿಂದ ಹೇಗೆ ತೆರೆಯುವುದು ಅಂದರೆ, ಪೈಗೆ ಎಸ್‌ಎಸ್‌ಎಚ್ ಟನಲ್ (ಪೈಯ ಮೂಲಕ ಹಾದು ಹೋಗುವ ದಾರಿ) ಹಾಕಿ, ನಿಮ್ಮ ಲ್ಯಾಪ್‌ಟಾಪಿನ ಬ್ರೌಸರಿನಲ್ಲೇ ಬರುತ್ತದೆ.

ರೂಟರಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಮಾತ್ರ ಪೈಯಲ್ಲಿ ಹಾಕಿ. 2023ರಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ರಾಸ್ಪ್‌ಬೆರಿ ಪೈ ಓಎಸ್ ಸಂಪರ್ಕ ನೋಡಿಕೊಳ್ಳಲು ನೆಟ್‌ವರ್ಕ್ ಮ್ಯಾನೇಜರ್ ಅನ್ನುವ ಪ್ರೋಗ್ರಾಂಗೆ ಬದಲಾಗಿದೆ. ಹಳೆಯ ವಿಡಿಯೋ ನೋಡಿ ಹಿಂದಿನ ಪ್ರೋಗ್ರಾಂ ಆದ ಡಿಎಚ್‌ಸಿಪಿಸಿಡಿಯ ಫೈಲ್ ತಿದ್ದಿದರೆ ಏನೂ ಆಗುವುದಿಲ್ಲ, ಸುಮ್ನೆ ತಲೆಬಿಸಿ.

ಇಲ್ಲಿ ಮುಖ್ಯವಾದದ್ದು ಒಂದೇ: ಹೊಸ ಸೆಟ್ಟಿಂಗ್ ಹಾಕುವ ಮುಂಚೆ ಹಳೆಯದಕ್ಕೆ ತಾನಾಗಿ ವಾಪಸ್ ಬರುವ ವ್ಯವಸ್ಥೆ ಮಾಡಿಟ್ಟುಕೊಳ್ಳಬೇಕು. ಈಗಿನ ಕನೆಕ್ಷನ್ ಪ್ರೊಫೈಲನ್ನು ನೆಟ್‌ವರ್ಕ್ ಮ್ಯಾನೇಜರಿನ ಎನ್‌ಎಂಸಿಎಲ್‌ಐ ಕಮಾಂಡಿನಿಂದ ಕ್ಲೋನ್ ಮಾಡಿ, ಆ ನಕಲಿನಲ್ಲಷ್ಟೇ ಹೊಸ ಐಪಿ, ಗೇಟ್‌ವೇ (ರೂಟರಿನ ಐಪಿ), ಡಿಎನ್‌ಎಸ್ (ವೆಬ್ ಹೆಸರುಗಳಿಗೆ ಐಪಿ ಹುಡುಕಿಕೊಡುವ ಸರ್ವರ್) ಬರೆಯಿರಿ, ಅದರ ಆಟೋಕನೆಕ್ಟ್ (ಬೂಟ್ ಆದಾಗ ತಾನಾಗಿ ಚಾಲೂ ಆಗುವುದು) ಆಫ್ ಇರಲಿ. ಐಪಿಯ ಕೊನೆಗೆ /24 (ಮನೆಯ ನೆಟ್‌ವರ್ಕಿನ ವ್ಯಾಪ್ತಿ) ಹಾಕಲು ಮರೆಯಬೇಡಿ, ಬಿಟ್ಟರೆ ಅದು /32, ಅಂದರೆ ಆ ಒಂದೇ ಐಪಿ, ಅಂತ ಹಿಡಿಯುತ್ತದೆ, ಆಮೇಲೆ ಪೈಗೆ ಮನೆಯ ಬೇರೆ ಸಾಧನಗಳು ನೇರವಾಗಿ ಸಿಗದಿರಬಹುದು. ರೂಟರು ಬೇರೆಯವರಿಗೆ ಹಂಚುವ ಐಪಿಗಳ ಸಾಲಿನಿಂದ ಹೊರಗಿನದನ್ನೇ ಆರಿಸಿ. ನಂತರ ಮೂರು ಸಾಲಿನ ಸ್ಕ್ರಿಪ್ಟ್ ಸಾಕು: ಹೊಸ ಪ್ರೊಫೈಲ್ ಚಾಲೂ ಮಾಡು, ಐದು ನಿಮಿಷ ಕಾಯಿ, ಹಳೆಯದನ್ನು ಚಾಲೂ ಮಾಡು. ಇದನ್ನು ಟಿಮಕ್ಸ್ (ಸಂಪರ್ಕ ಕಡಿದರೂ ಕೆಲಸ ಮುಂದುವರಿಸುವ ಪ್ರೋಗ್ರಾಂ) ಒಳಗೆ ಓಡಿಸಿ, ಇಲ್ಲದಿದ್ದರೆ ನಿಮ್ಮ ಸಂಪರ್ಕ ಕಡಿದ ಕೂಡಲೇ ಸ್ಕ್ರಿಪ್ಟೂ ನಿಂತುಬಿಡಬಹುದು. ಎಲ್ಲ ಸರಿ ಇದ್ದರೆ ಟೇಲ್‌ಸ್ಕೇಲ್ ತಾನಾಗಿ ಮತ್ತೆ ಜೋಡಿಸಿಕೊಳ್ಳುತ್ತದೆ, ನೀವು ಒಳಗೆ ಹೋಗಿ ಸ್ಕ್ರಿಪ್ಟ್ ನಿಲ್ಲಿಸಿ, ಹೊಸದಕ್ಕೆ ಆಟೋಕನೆಕ್ಟ್ ಕೊಟ್ಟು ಹಳೆಯದರದ್ದು ತೆಗೆಯಿರಿ. ಗೇಟ್‌ವೇಯಲ್ಲಿ ಒಂದಂಕಿ ತಪ್ಪಿತ್ತಾ, ಐದು ನಿಮಿಷ ಕಾದರೆ ಪೈ ಹಳೆಯ ಜಾಗಕ್ಕೇ ಬರುತ್ತದೆ. ಅದೂ ಆಗದಿದ್ದರೆ ಅಮ್ಮನಿಗೆ ಫೋನ್ ಮಾಡಿ ಸ್ವಿಚ್ ಆಫ್ ಮಾಡಿ ಆನ್ ಮಾಡಿಸಿ, ಬೂಟ್ ಆದಾಗ ಹಳೆಯ ಪ್ರೊಫೈಲೇ ಏಳುತ್ತದೆ. ಹಾಗಾಗಿ ಮನೆಯಲ್ಲಿ ಯಾರಾದರೂ ಇರುವ ಹೊತ್ತಿನಲ್ಲೇ ಮಾಡಿ, ಆಟಿ ತಿಂಗಳ ಗಾಳಿಮಳೆಯ ದಿನ ಬೇಡ.

ಉಬುಂಟು ಸರ್ವರ್ ಇಟ್ಟವರಿಗೆ ಇಷ್ಟು ಕಷ್ಟವಿಲ್ಲ. ‘ನೆಟ್‌ಪ್ಲ್ಯಾನ್ ಟ್ರೈ’ ಕಮಾಂಡ್ ಕೊಟ್ಟರೆ 120 ಸೆಕೆಂಡಿನೊಳಗೆ ನೀವು ಎಂಟರ್ ಒತ್ತದಿದ್ದಾಗ ಹಳೆಯದಕ್ಕೆ ಮರಳುತ್ತದೆ. ಮೈಕ್ರೋಟಿಕ್ ಕಂಪನಿಯ ರೂಟರಿನಲ್ಲಿ ಇದೇ ಕೆಲಸಕ್ಕೆ ಸೇಫ್ ಮೋಡ್ ಇದೆ. ಇದನ್ನೆಲ್ಲ ಬಿಟ್ಟು ನೇರ ‘ಅಪ್ಲೈ’ ಕೊಡುವವರೇ ಜಾಸ್ತಿ, ಆಮೇಲೆ ಬಸ್ ಹತ್ತಿ ಊರಿಗೆ ಹೋಗಬೇಕಾಗುತ್ತದೆ.

ಪ್ರಶ್ನೆ: ಅಂಗಡಿಯ ಡಿವಿಆರ್‌ಗೆ (ಕ್ಯಾಮರಾ ರೆಕಾರ್ಡರ್) ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ, ಅಂದರೆ ಹೊರಗಿನಿಂದ ಅದಕ್ಕೆ ದಾರಿ ತೆರೆದಿದ್ದೇನೆ. ಅಂಗಡಿಯ ವೈಫೈಯಲ್ಲಿ ಕಾಣುತ್ತದೆ, ಹೊರಗಿನಿಂದ ಇಲ್ಲ. ಯಾಕೆ?
— ಒಬ್ಬ ಓದುಗರು, ಮಲ್ಪೆ

ಉತ್ತರ: ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ಐಪಿ) ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಕಂಪನಿಯವರು ಹಲವು ಗ್ರಾಹಕರನ್ನು ಒಂದೇ ಪಬ್ಲಿಕ್ ಐಪಿಯ ಹಿಂದೆ ಕೂರಿಸಿದ್ದಾರೆ. ಆಗ ನಿಮ್ಮ ರೂಟರಿನಲ್ಲಿ ಏನು ತೆರೆದರೂ ಹೊರಗಿನ ಬಾಗಿಲು ಅವರ ಕೈಯಲ್ಲೇ ಇರುತ್ತದೆ. ಪಬ್ಲಿಕ್ ಐಪಿ ಕೇಳಿ ಪಡೆಯಬಹುದು, ಆದರೆ ನನ್ನ ಸಲಹೆ ಅಂಗಡಿಯಲ್ಲೊಂದು ಸಣ್ಣ ಕಂಪ್ಯೂಟರ್ ಇಟ್ಟು ಟೇಲ್‌ಸ್ಕೇಲ್ ಸಬ್‌ನೆಟ್ ರೂಟರ್ ಮಾಡುವುದು, ಆಗ ಅದರ ಮೂಲಕ ಡಿವಿಆರ್ ತಲುಪಬಹುದು. ಪಬ್ಲಿಕ್ ಐಪಿ ಸಿಕ್ಕರೂ ಡಿವಿಆರ್ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹೀಗೆ ತೆರೆದಿದ್ದ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಇಟ್ಟಿದ್ದ ಕ್ಯಾಮರಾ, ಡಿವಿಆರ್‌ಗಳನ್ನೇ ಹುಡುಕಿ ವಶಮಾಡಿಕೊಂಡಿತು. ನಿಮ್ಮದರ ಪಾಸ್‌ವರ್ಡ್ ಇನ್ನೂ ಬದಲಿಸಿಲ್ಲವಾದರೆ ಮೊದಲು ಆ ಕೆಲಸ ಮುಗಿಸಿ.