ಗದ್ದೆಗೆ ಬಿಡಲು ಜೇಡ ಎಲ್ಲಿ ಸಿಗುತ್ತದೆ? ಎಕರೆಗೆ ಎಷ್ಟು ಬೇಕು?

ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಲ್ಲ, "ಎಲೆ ಸುರುಳಿ ಹುಳು ಕಾಣಿಸಿದೆ, ಜೇಡ ತರಿಸುವ ತನಕ ಒಂದೇ ಒಂದು ಸಲ ಔಷಧ ಹೊಡೆಯಲಾ?" ಅಂತ. ಅದನ್ನು ಓದಿ ಸುಮ್ನೆ ಕೂರಲಾಗಲಿಲ್ಲ. ಎಲ್ಲಿ ಸಿಗುತ್ತದೆ, ಎಷ್ಟು ಬೇಕು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಆ "ಒಂದೇ ಒಂದು ಸಲ" ಹೊಡೆದವನು ನಾನು. 2017ರ ಏಣೆಲಿನಲ್ಲಿ, ಅಂದರೆ ಮಳೆಗಾಲದ ಬೆಳೆಯಲ್ಲಿ.

ನಮ್ಮದು ಉಡುಪಿ ಜಿಲ್ಲೆಯ ಶಿರ್ವದ ಹತ್ತಿರ ಒಂದೂಕಾಲು ಎಕರೆ ಬೈಲು ಗದ್ದೆ. ಅಪ್ಪ ತೀರಿಕೊಂಡ ಮೇಲೆ ಮುಂಬೈಯ ಹೋಟೆಲ್ ಕ್ಯಾಶ್ ಕೌಂಟರ್ ಬಿಟ್ಟು ಊರಿಗೆ ಬಂದೆ. ಹನ್ನೊಂದು ವರ್ಷ ಬಿಲ್ಲು ಹರಿದವನಿಗೆ ನೇಜಿ (ಭತ್ತದ ಸಸಿ) ಕಟ್ಟು ನೆಟ್ಟಗೆ ಹಿಡಿಯಲೂ ಬರುತ್ತಿರಲಿಲ್ಲ. ಮೊದಲ ವರ್ಷ ಅಮ್ಮ ಹೇಳಿದ್ದನ್ನೇ ಮಾಡಿದೆ. ಔಷಧ ಹೊಡೆಯಲಿಲ್ಲ, ಯಾಕೆಂದರೆ ಹೊಡೆಯಲು ಗೊತ್ತೇ ಇರಲಿಲ್ಲ. 21 ಕ್ವಿಂಟಾಲ್ ಭತ್ತ ಬಂತು. ಇದೆಲ್ಲ ನನ್ನ ಬುದ್ಧಿವಂತಿಕೆ ಅಂದುಕೊಂಡೆ.

ಎರಡನೇ ವರ್ಷ ಜಯ ತಳಿ ಹಾಕಿದೆ. ಆಟಿ ತಿಂಗಳು (ಜುಲೈ–ಆಗಸ್ಟ್), ನಾಟಿಯಾಗಿ 27 ದಿನ. ಎಲೆಗಳು ಅಲ್ಲಲ್ಲಿ ಕೊಳವೆಯ ಹಾಗೆ ಸುತ್ತಿಕೊಂಡಿದ್ದವು. ಬಿಡಿಸಿದರೆ ಒಳಗೆ ತಿಳಿಹಸಿರು ಹುಳು, ಎಲೆ ಕೆರೆದು ಬಿಳಿ ಗೆರೆ. ದೂರದಿಂದ ನೋಡಿದರೆ ಗದ್ದೆಗೆ ಸುಣ್ಣ ಚಿಮುಕಿಸಿದ ಹಾಗೆ. ಪಕ್ಕದ ಗದ್ದೆಯ ಅಣ್ಣ ಹುಣಿಯ (ಗದ್ದೆಯ ಬದು) ಮೇಲೆ ನಿಂತು, "ಎಂತ ಮಾರಾಯ, ನಿನ್ನ ಗದ್ದೆ ಬೆಳ್ಳಗಾಗಿದೆಯಲ್ಲ, ಮುಂಬೈಯವರು ಹೀಗೆಯಾ ಬೇಸಾಯ ಮಾಡುವುದು?" ಅಂದರು. ತಮಾಷೆಗೆ ಅಂದದ್ದು. ನನಗೆ ಚುಚ್ಚಿತು. ನಿಜ ಹೇಳಬೇಕೆಂದರೆ ನಾನು ಹುಳುವಿಗೆ ಔಷಧ ಹೊಡೆದದ್ದಲ್ಲ, ಆ ಮಾತಿಗೆ ಹೊಡೆದದ್ದು.

ಪೇಟೆಯ ಅಂಗಡಿಯಲ್ಲಿ ಒಂದು ಬಾಟಲಿ ಕೊಟ್ಟರು. ಸಿಂಥೆಟಿಕ್ ಪೈರಿಥ್ರಾಯ್ಡ್, ಅಂದರೆ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯದ್ದು. ಮಳೆ ಬಿಟ್ಟು ಎರಡು ದಿನ ಬಿಸಿಲಿತ್ತು. ಬಾಡಿಗೆ ಪಂಪ್ ಬೆನ್ನಿಗೆ ಹಾಕಿ ಹೊಡೆದೆ. ಮರುದಿನ ಬೆಳಗ್ಗೆ ಹೋಗಿ ನೋಡಿದರೆ ನೀರಿನ ಮೇಲೆ ಜೇಡಗಳು ಕಾಲು ಮಡಚಿಕೊಂಡು ತೇಲುತ್ತಿದ್ದವು. ಒಂದೊಂದು ಮೂಲೆಯಲ್ಲಿ ಹಿಡಿ ತುಂಬುವಷ್ಟು. ಕೆಲವಕ್ಕೆ ಹೊಟ್ಟೆಯ ಹಿಂದೆ ಬಟಾಣಿಗಿಂತ ಸಣ್ಣ ಬಿಳಿ ಗಂಟು ಅಂಟಿಕೊಂಡಿತ್ತು. ಆ ಗಂಟು ಏನು ಅಂತ ಆಗ ಗೊತ್ತಿರಲಿಲ್ಲ. ನನಗೆ ಖುಷಿಯಾಯಿತು ಮಾರಾಯ್ರೆ! ಔಷಧ ಒಳ್ಳೆ ಕೆಲಸ ಮಾಡಿದೆ, ಎಲ್ಲ ಹುಳವೂ ಸತ್ತಿದೆ ಅಂತ ಅಮ್ಮನಿಗೆ ಹೇಳಿದೆ.

ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್) ಕಳೆಯುವ ಹೊತ್ತಿಗೆ, ತೆನೆ ಬಾಗುವ ಸಮಯ, ಗದ್ದೆಯ ನಡುವೆ ಚಾಪೆಯಷ್ಟು ಜಾಗ ಹಳದಿಯಾಯಿತು. ನೀರು ಕಡಿಮೆಯಾಗಿರಬೇಕು ಅಂದುಕೊಂಡೆ. ನಾಲ್ಕು ದಿನದಲ್ಲಿ ಅಂಗಳದಷ್ಟಾಯಿತು. ಬೆಂಕಿ ಬಿದ್ದ ಹಾಗೆ ಒಣಗಿ ಕಂದು. ಬಗ್ಗಿ ಬುಡ ಬಿಡಿಸಿ ನೋಡಿದೆ. ನೀರಿಗೆ ತಾಗುವಲ್ಲಿ ಕಾಂಡ ಕಾಣುತ್ತಿರಲಿಲ್ಲ, ಅಷ್ಟು ಕಂದು ಜಿಗಿಹುಳು, ಪೈರಿನ ರಸ ಹೀರುವುದು. ಕೈ ತಾಗಿದ ಕೂಡಲೇ ಚಟಚಟ ಅಂತ ನೀರಿಗೆ ಹಾರಿದವು. ಗಾಬರಿಯಾಗಿ ಮತ್ತೆರಡು ಸಲ ಅದೇ ಔಷಧ ಹೊಡೆದೆ. ಒಣಗಿದ ವೃತ್ತಗಳು ಒಂದಕ್ಕೊಂದು ಸೇರಿದವು. ಆ ವರ್ಷ ಸಿಕ್ಕಿದ್ದು 8 ಕ್ವಿಂಟಾಲ್, ಅದರಲ್ಲೂ ಜೊಳ್ಳೇ ಜಾಸ್ತಿ. ಬೈಹುಲ್ಲು ಕಪ್ಪು ಹಿಡಿದಿತ್ತು, ದನ ಮೂಸಿ ನೋಡಿ ಮುಖ ತಿರುಗಿಸಿತು.

ತಪ್ಪು ಎಲ್ಲಿ ಆಯಿತು ಅನ್ನುವುದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಬೇಡಿ. ಸೆಪ್ಟೆಂಬರ್‌ನಲ್ಲಿ ಹೊಡೆದ ಎರಡು ಸಲವೂ ದಂಡವೇ. ಆದರೆ ಬೆಳೆ ಹೋದದ್ದು ಆಗ ಅಲ್ಲ. 27ನೇ ದಿನವೇ ಹೋಗಿತ್ತು.

ಮೊದಲನೆಯದಾಗಿ, ಎಲೆ ಸುರುಳಿ ಹುಳು ಆ ವಯಸ್ಸಿನಲ್ಲಿ ಶತ್ರುವೇ ಅಲ್ಲ. ನಾಟಿಯಾದ ಮೊದಲ 40 ದಿನ ಪೈರು ಹೊಸ ತೆಂಡೆ (ಬುಡದಿಂದ ಒಡೆಯುವ ಕವಲು), ಹೊಸ ಎಲೆ ಬಿಟ್ಟು ನಷ್ಟ ತುಂಬಿಕೊಳ್ಳುತ್ತದೆ. ನೋಡಲು ಕೆಟ್ಟದು, ಅಷ್ಟೇ. ತೆನೆ ಬರುವಾಗ ಅದರ ಪಕ್ಕದ ಕೊನೆಯ ಎಲೆ ಹಾಳಾದರೆ ಮಾತ್ರ ಕಾಳಿಗೆ ಪೆಟ್ಟು.

ಇನ್ನು ಜಿಗಿಹುಳು. ಅದು ಮೊಟ್ಟೆ ಇಡುವುದು ಎಲೆಯ ಮೇಲಲ್ಲ, ಕಾಂಡ ಸುತ್ತಿದ ಎಲೆಕವಚದ ಒಳಗೆ, ಸೀಳಿ. ನಾನು ಮೇಲಿನಿಂದ ಹೊಡೆದ ಔಷಧ ಅಲ್ಲಿಗೆ ತಲುಪುವುದೇ ಇಲ್ಲ. ದೊಡ್ಡದು ಇರುವುದೂ ಕೆಳಗೆ, ನೀರಿನ ಹತ್ತಿರ. ಔಷಧ ತಾಗಿದ್ದು ಯಾರಿಗೆ? ಎಲೆ ಮೇಲೆ, ನೀರಿನ ಮೇಲೆ ಬೇಟೆಗೆ ಓಡಾಡುವವರಿಗೆ. ತೋಳ ಜೇಡ ಅಂತ ಇದೆ. ಬಲೆ ಕಟ್ಟುವುದಿಲ್ಲ, ಬೆನ್ನಿನ ಮೇಲೆ ಕವಲು ಗೆರೆ, ನೀರಿನ ಮೇಲೆ ರಸ್ತೆಯಲ್ಲಿ ಓಡುವ ಹಾಗೆ ಓಡುತ್ತದೆ. ದಿನಕ್ಕೆ 5ರಿಂದ 15 ಜಿಗಿಹುಳು ತಿನ್ನುತ್ತದೆ. ಹಸಿರು ಮಿರಿಡ್ ತಿಗಣೆ ಅಂತ ಇನ್ನೊಂದು. ಅದು ಕವಚದೊಳಗೆ ಸೂಜಿ ಬಾಯಿ ತೂರಿಸಿ ಜಿಗಿಹುಳುವಿನ ಮೊಟ್ಟೆಯನ್ನೇ ಹೀರುತ್ತದೆ, ದಿನಕ್ಕೆ 7ರಿಂದ 10. ನನ್ನ ಔಷಧ ತಲುಪದ ಜಾಗಕ್ಕೆ ಅದು ತಲುಪುತ್ತಿತ್ತು. ಅದನ್ನೂ ಕೊಂದೆ. ಇದೂ ಒಂದು ಜಿಗಿಹುಳು ಇರಬೇಕು ಅಂತ ಬೆರಳಲ್ಲಿ ಹಿಸುಕಿದ್ದೂ ಇದೆ.

ಈಗ ಲೆಕ್ಕ ಹಾಕಿ. ಜಿಗಿಹುಳು ಮೊಟ್ಟೆಯಿಂದ ದೊಡ್ಡದಾಗಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು, ಒಂದು ಹೆಣ್ಣು ಇನ್ನೂರು ಮುನ್ನೂರು ಮೊಟ್ಟೆ ಇಡುತ್ತದೆ. ತೋಳ ಜೇಡ ಬೆಳೆಯುವುದು ನಿಧಾನ, ಬದುಕುವುದೇ ಮೂರು ನಾಲ್ಕು ತಿಂಗಳು. ಆ ಬಿಳಿ ಗಂಟು ಇತ್ತಲ್ಲ, ಅದು ಅದರ ಮೊಟ್ಟೆಯ ಚೀಲ. ಮರಿ ಒಡೆದ ಮೇಲೆ ತಾಯಿ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಒಮ್ಮೆ ಎರಡನ್ನೂ ಸಾಯಿಸಿದರೆ ಜಿಗಿಹುಳು ಕೊಯ್ಲಿನ ಒಳಗೆ ತುಂಬಿಕೊಳ್ಳುತ್ತದೆ, ಜೇಡ ತುಂಬಿಕೊಳ್ಳುವುದಿಲ್ಲ. ಕಾವಲಿನವರನ್ನು ಕೊಂದು ಕಳ್ಳನ ಮೊಟ್ಟೆ ಉಳಿಸಿದ ಹಾಗಾಯಿತು. ಸಾಲದ್ದಕ್ಕೆ ಪೈರು ಹಸಿರಾಗಲಿ ಅಂತ ಯೂರಿಯಾ ಎರಡು ಪಾಲು ಎರಚಿದ್ದೆ. ಜಿಗಿಹುಳುವಿಗೆ ಅದು ಹಬ್ಬದೂಟ.

ನಮ್ಮ ಬೈಲಿನಲ್ಲಿ ಮಾತ್ರ ಹೀಗಾದದ್ದಲ್ಲ. ಇಂಡೋನೇಷ್ಯಾದಲ್ಲಿ ಔಷಧ ಹೊಡೆದಷ್ಟೂ ಇದೇ ಜಿಗಿಹುಳು ಹೆಚ್ಚಾಗಿ, 1986ರಲ್ಲಿ ಅಧ್ಯಕ್ಷ ಸುಹಾರ್ತೋ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸಬಾರದು ಅಂತ ಆದೇಶ ಹೊರಡಿಸಬೇಕಾಯಿತು. ನನಗೆ ಅದು ಗೊತ್ತಾದದ್ದು 8 ಕ್ವಿಂಟಾಲ್ ಅಳೆದ ಮೇಲೆ.

ಈಗ ನಿಮ್ಮ ಪ್ರಶ್ನೆ. ಜೇಡ ಎಲ್ಲೂ ಕೊಳ್ಳಬೇಡಿ. ಒಟ್ಟಿಗೆ ಸಾಕಿದರೆ ಒಂದನ್ನೊಂದು ತಿನ್ನುತ್ತವೆ, ಕೋಳಿಮರಿಯ ಹಾಗೆ ಬುಟ್ಟಿಯಲ್ಲಿ ತಂದು ಬಿಡುವ ವಸ್ತು ಅಲ್ಲ ಅದು. ನಿಮ್ಮ ಗದ್ದೆಯಲ್ಲೇ ಇದೆ. ಬೆಳಗ್ಗೆ ಇಬ್ಬನಿ ಇರುವಾಗ ಹೋಗಿ, ಪೈರಿನ ತುದಿಯಲ್ಲಿ ಬಲೆ ಕಾಣುತ್ತದೆ. ಎಲೆಯ ಉದ್ದಕ್ಕೆ ಕಡ್ಡಿಯ ಹಾಗೆ ಚಾಚಿ ಮಲಗಿದ್ದು ಉದ್ದ ದವಡೆಯ ಜೇಡ. ನೀವು ಕೇಳಬೇಕಾದದ್ದು "ಎಕರೆಗೆ ಎಷ್ಟು ಬಿಡಲಿ" ಅಂತ ಅಲ್ಲ, "ಇದ್ದದ್ದನ್ನು ನಾನು ಹೇಗೆ ಕೊಲ್ಲುತ್ತಿದ್ದೇನೆ" ಅಂತ. ಕೊಳ್ಳಲು ಸಿಗುವುದು ಟ್ರೈಕೋಗ್ರಾಮ ಕಾರ್ಡ್, ಅಂದರೆ ಒಳಗೆ ಕಣಜದ ಮರಿ ಇರುವ ಮೊಟ್ಟೆಗಳನ್ನು ಅಂಟಿಸಿದ ರಟ್ಟು. ಟ್ರೈಕೋಗ್ರಾಮ ಜೇಡವೂ ಅಲ್ಲ, ಬೇಟೆಗಾರನೂ ಅಲ್ಲ. ಸಾಸಿವೆಗಿಂತ ಸಣ್ಣ ಕಣಜ, ಎಲೆ ಸುರುಳಿ ಮತ್ತು ಕಾಂಡಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಬೇಕಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಆದರೆ ಕಾರ್ಡ್ ಕಟ್ಟಿ, ವಾರದಲ್ಲಿ ಔಷಧವನ್ನೂ ಹೊಡೆಯುವುದಾದರೆ ಆ ದುಡ್ಡಿಗೆ ಮೀನು ತಂದು ತಿನ್ನಿ.

ನಾನು ಈಗ ಮಾಡುವುದು ಇಷ್ಟು. ಹುಣಿಯನ್ನು ಕಳೆನಾಶಕ ಹಾಕಿ ಬೋಳಿಸುವುದಿಲ್ಲ. ನಡೆಯಲು ಬೇಕಾದಷ್ಟು ಕತ್ತಿಯಲ್ಲಿ ಸವರುತ್ತೇನೆ, ಅಲ್ಲಲ್ಲಿ ಅಲಸಂಡೆ ಹಾಕುತ್ತೇನೆ. ಕೊಯ್ಲಾಗಿ ಸುಗ್ಗಿಗೆ (ಎರಡನೇ ಬೆಳೆಗೆ) ಉಳುವಾಗ ಜೇಡಗಳು ಅಡಗಲು ಹುಣಿಗೇ ಓಡುತ್ತವೆ, ಅದಕ್ಕೆ ಬೈಹುಲ್ಲಿನ ಸಣ್ಣ ಕಟ್ಟುಗಳನ್ನು ಅಲ್ಲಿ ಇಟ್ಟಿರುತ್ತೇನೆ. ಅಮ್ಮನಿಗೆ ಇದು ನೋಡಿದರೆ ನಗು, "ಜೇಡಕ್ಕೆ ಬಾಡಿಗೆ ಮನೆ" ಅನ್ನುತ್ತಾರೆ. ನಾಟಿ ತೀರಾ ಒತ್ತಾಗಿ ಮಾಡಿಸುವುದಿಲ್ಲ, ಎರಡು ಮೂರು ಮೀಟರಿಗೊಂದು ಓಣಿ ಬಿಡಿಸುತ್ತೇನೆ. ಯೂರಿಯಾ ಮೂರು ಕಂತು.

ಹಾಗಂತ ಜೇಡವನ್ನು ದೇವರು ಮಾಡಬೇಡಿ. ಅದು ಮಿತ್ರಕೀಟವನ್ನೂ ತಿನ್ನುತ್ತದೆ, ಬೆಂಕಿ ರೋಗಕ್ಕೆ ಏನೂ ಮಾಡುವುದಿಲ್ಲ, ಕಾಂಡದೊಳಗೆ ಹೊಕ್ಕ ಹುಳು ಅದಕ್ಕೆ ಸಿಗುವುದಿಲ್ಲ. ಜಿಗಿಹುಳುವಿಗೆ ನಾನು ನೋಡುವ ಲೆಕ್ಕ ಇದು: ಜೇಡ ಇಲ್ಲದಿದ್ದರೆ ತೆಂಡೆಗೆ ಒಂದು ಜಿಗಿಹುಳು ಆದಾಗಲೇ ಎಚ್ಚರ. ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆ ಎರಡರ ತನಕ ತಡೆಯಬಹುದು. ಅದೂ ಮೀರಿದರೆ ಮೊದಲು ನೀರು ಬಸಿಯಬೇಕು (ಬೈಲು ಗದ್ದೆಯಲ್ಲಿ ಮಳೆಗಾಲಕ್ಕೆ ಅದು ಹೇಳಿದಷ್ಟು ಸುಲಭ ಅಲ್ಲ, ಗೊತ್ತು). ಆಮೇಲೂ ಬೇಕಾದರೆ ಬುಪ್ರೊಫೆಜಿನ್ ತರಹದ್ದು, ಜೇಡಕ್ಕೆ ಅಷ್ಟು ತೊಂದರೆ ಕೊಡದ್ದು, ಬುಡಕ್ಕೆ ಮಾತ್ರ. 2019ರಲ್ಲಿ ಒಂದು ಮೂಲೆಗೆ ಹೊಡೆದಿದ್ದೆ. ಪೈರಿಥ್ರಾಯ್ಡ್ ಮಾತ್ರ ನಮ್ಮ ಮನೆಯ ಹೊಸ್ತಿಲು ದಾಟಿಲ್ಲ.

ನಾಟಿಯಾಗಿ ಎಷ್ಟು ದಿನ ಅಂತ ನೀವು ಬರೆದಿಲ್ಲ. 40 ಆಗಿಲ್ಲವಾದರೆ ಅಂಗಡಿಗೆ ಹೋಗಲೇಬೇಡಿ. ನಾಳೆ ಬೆಳಗ್ಗೆ ಮನೆಯಿಂದ ಒಂದು ಬಿಳಿ ಪ್ಲೇಟ್ ತೆಗೆದುಕೊಂಡು ಹೋಗಿ. ಗದ್ದೆಗೆ ಅಡ್ಡವಾಗಿ ನಡೆದು ಹತ್ತು ಬುಡ ಆರಿಸಿ, ಪೈರನ್ನು ಪ್ಲೇಟಿನ ಮೇಲೆ ಬಗ್ಗಿಸಿ ಬುಡಕ್ಕೆ ಅಂಗೈಯಲ್ಲಿ ಎರಡು ಸಲ ತಟ್ಟಿ. ಬಿದ್ದದ್ದರಲ್ಲಿ ಜೇಡ ಎಷ್ಟು, ಕಂದು ಎಷ್ಟು, ಹಸಿರು ತಿಗಣೆ ಎಷ್ಟು ಅಂತ ಎಣಿಸಿ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ. ಬೇಗ ಎಣಿಸಿ, ಜೇಡಗಳು ಪ್ಲೇಟಿನಲ್ಲಿ ನಿಲ್ಲುವುದಿಲ್ಲ.