ಪವರ್‌ಫುಲ್ ಎಂಜಿನ್ ಕೈಬಿಟ್ಟರೆ ಕಾರ್ ಕಂಪನಿಯ ಮಾರಾಟ ಮುಂದೆ ಬೀಳುತ್ತಾ?

ಆ ಎಂಜಿನ್ ನೋಡಿಯೇ ಜನ ಗಾಡಿ ಕೊಳ್ಳುತ್ತಿದ್ದರಾ ಅನ್ನೋದು ಮುಖ್ಯ. ಮಾರುತಿ 2017ರಲ್ಲಿ ಬಲೆನೊ ಕಾರಿನ ಹೆಚ್ಚು ಪವರ್‌ನ ಮಾದರಿ, 1.0 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ಎಂಜಿನ್ನಿನ ಬಲೆನೊ ಆರ್‌ಎಸ್ ತಂದು, 2020ರಲ್ಲಿ ನಿಲ್ಲಿಸಿತು. ಮಾಮೂಲಿ ಬಲೆನೊ ಚೆನ್ನಾಗೇ ಓಡಿತು. ನಮ್ಮ ತುಮಕೂರಿನ ಬಿ.ಎಚ್. ರಸ್ತೆಯ ಶೋರೂಮಿಗೆ ಬರುವವರು ಮೊದಲು ಕೇಳೋದು ಮೈಲೇಜ್, ಆಮೇಲೆ ಇಎಂಐ, ಅಲ್ವಾ?

ಎಂಜಿನ್ನೇ ಗಾಡಿಯ ಗುರುತಾಗಿದ್ದರೆ ಮಾತ್ರ ಪೆಟ್ಟು ಜೋರು. ಅಮೆರಿಕದ ರಾಮ್ ಕಂಪನಿ ತನ್ನ 1500 ಪಿಕಪ್‌ನಿಂದ 5.7 ಲೀಟರ್ ಹೆಮಿ ವಿ8 (ಎಂಟು ಸಿಲಿಂಡರ್) ಎಂಜಿನ್ ತೆಗೆಯಿತು. ಬದಲಿಗೆ ಬಂದ ಆರು ಸಿಲಿಂಡರ್ ಟರ್ಬೊಗೆ ಪವರ್ ಜಾಸ್ತಿಯೇ ಇತ್ತು. ಆದರೂ ಎಷ್ಟೋ ಹಳೇ ಗಿರಾಕಿಗಳು ಒಪ್ಪಲಿಲ್ಲ. ಅವರಿಗೆ ಬೇಕಿದ್ದದ್ದು ಆ ವಿ8 ಸದ್ದು. ಕೊನೆಗೆ 2025ರಲ್ಲಿ ಕಂಪನಿಯೇ ತಪ್ಪು ಒಪ್ಪಿಕೊಂಡು ಹೆಮಿ ವಾಪಸ್ ತಂದಿತು. ಇಂಥ ಗಿರಾಕಿ ಒಮ್ಮೆ ಬೇರೆ ಕಂಪನಿಗೆ ಹೋದರೆ, ಮುಂದಿನ ಗಾಡಿಯನ್ನೂ ಅಲ್ಲೇ ಕೊಳ್ಳುವ ಸಾಧ್ಯತೆ ಹೆಚ್ಚು. ನಿಜವಾದ ನಷ್ಟ ಅದೇ.